ಶಾಲೆಯ ರಂಗಮಂಚ ಮತ್ತು ಹಿರಿಯರ ಭಯ

ಮಕ್ಕಳ ಶೀಲವನ್ನು ಕಾಪಾಡುವುದು ಹಿರಿಯರ ಕರ್ತವ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಶೀಲವನ್ನು ಕಾಯುವುದೇ ಬೇರೆ, ಅಪವಾದದಿಂದ ತಪ್ಪಿಸಿಕೊಳ್ಳುವುದೇ ಬೇರೆ. ಈ ಅಂತರವನ್ನು ಮರೆತಾಗ ಕರ್ತವ್ಯದ ಹೆಸರಿನಲ್ಲಿಯೇ ಅನ್ಯಾಯವು ನಡೆದುಹೋಗುತ್ತದೆ. ಅಮೆರಿಕದ ಮಿಸೌರಿ ರಾಜ್ಯದಲ್ಲಿ ಫುಲ್ಟನ್ ಎಂಬ ಸಣ್ಣ ಊರಿದೆ. 1946ರಲ್ಲಿ ಚರ್ಚಿಲ್ ಅವರು 'ಉಕ್ಕಿನ ತೆರೆ'ಯ ಪ್ರಸಿದ್ಧ ಭಾಷಣ ಮಾಡಿದ್ದು ಅಲ್ಲಿಯೇ. ಆ ಊರಿನ ಪ್ರೌಢಶಾಲೆಯಲ್ಲಿ 2005-06ನೆಯ ಸಾಲಿನಲ್ಲಿ ನಡೆದುದು ಈ ಮಾತಿಗೊಂದು ನಿದರ್ಶನ.

ಆ ದೇಶದ ಪ್ರೌಢಶಾಲೆಗಳಲ್ಲಿ ಶರತ್ಕಾಲವು ಎರಡು ಸಂಭ್ರಮಗಳ ಕಾಲ. ಒಂದು, ವಿದ್ಯಾರ್ಥಿಗಳು ವಾರಗಟ್ಟಲೆ ತಾಲೀಮು ನಡೆಸಿ ಆಡುವ ನಾಟಕ. ಇನ್ನೊಂದು, ಹಳೆಯ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ 'ಹೋಮ್‌ಕಮಿಂಗ್' ಉತ್ಸವದ ನೃತ್ಯಕೂಟ. ಅದಕ್ಕೊಂದು ವಿಷಯವನ್ನು ಗೊತ್ತುಮಾಡಿ, ಸಭಾಂಗಣವನ್ನು ಅದಕ್ಕೆ ತಕ್ಕಂತೆ ಸಿಂಗರಿಸುತ್ತಾರೆ. ಫುಲ್ಟನ್ನಿಗೆ ಸಮೀಪದ ಕೊಲಂಬಿಯಾ ನಗರದ ಮಿಸೌರಿ ವಿಶ್ವವಿದ್ಯಾಲಯವು 1911ರ ತನ್ನ ಉತ್ಸವವೇ ಈ ಪದ್ಧತಿಯ ಮೂಲವೆಂದು ಹೇಳಿಕೊಳ್ಳುತ್ತದೆ. ನಾಟಕ ಮತ್ತು ನೃತ್ಯಕೂಟ ಎರಡೂ ಮಕ್ಕಳವೇ. ಆದರೆ ಹಿರಿಯರ ಅನುಮಾನದ ದೃಷ್ಟಿ ಬೀಳುವುದು ಹೆಚ್ಚಾಗಿ ನಾಟಕದ ಮೇಲೆ.

2005ರ ಶರತ್ಕಾಲದಲ್ಲಿ ಫುಲ್ಟನ್ನಿನ ವಿದ್ಯಾರ್ಥಿಗಳು 'ಗ್ರೀಸ್' ಎಂಬ ಸಂಗೀತನಾಟಕವನ್ನು ಆಡಿದರು. 1950ರ ದಶಕದ ಕೊನೆಯ ಪ್ರೌಢಶಾಲೆಯೊಂದರ ಕಥೆಯದು. ಶಾಲಾ ನೃತ್ಯಕೂಟದ ದೃಶ್ಯವೂ ಅದರಲ್ಲಿದೆ. ನಾಟಕದ ಶಿಕ್ಷಕಿಯು ಮೂಲದ ಒರಟು ಮಾತುಗಳನ್ನು ಮೊದಲೇ ಮೃದುಗೊಳಿಸಿದ್ದರು. ಆದರೂ ಕುಡಿತ, ಧೂಮಪಾನ, ಚುಂಬನಗಳ ದೃಶ್ಯಗಳಿವೆಯೆಂದು ಒಂದೇ ಚರ್ಚಿಗೆ ಸೇರಿದ ಕೆಲವರು ಪತ್ರ ಬರೆದು ಆಕ್ಷೇಪಿಸಿದರು. ಆಕ್ಷೇಪಿಸುವುದು ಅವರ ಹಕ್ಕು. ಅದನ್ನು ಆಲಿಸುವುದು ಶಾಲೆಯ ಧರ್ಮ. ಆಕ್ಷೇಪವು ಅಲ್ಲಿಗೇ ನಿಂತಿದ್ದರೆ ಹೇಳಬೇಕಾದುದೇನೂ ಇರುತ್ತಿರಲಿಲ್ಲ. ಆದರೆ ಶಾಲಾಡಳಿತದ ಮುಖ್ಯಾಧಿಕಾರಿಯು, ಇನ್ನೊಂದು ವಿವಾದ ಹುಟ್ಟದಿರಲೆಂದು, ವಸಂತಕಾಲಕ್ಕೆ ಗೊತ್ತಾಗಿದ್ದ ಮತ್ತೊಂದು ನಾಟಕವನ್ನೇ ರದ್ದುಪಡಿಸಿದರು. ಆ ಇನ್ನೊಂದು ನಾಟಕ ಆರ್ಥರ್ ಮಿಲ್ಲರ್ ಅವರ 'ದಿ ಕ್ರುಸಿಬಲ್'. ಶಿಕ್ಷಕಿಯು ಬಳಿಕ ರಾಜೀನಾಮೆ ಕೊಟ್ಟರು.

ಕ್ರುಸಿಬಲ್ ಎಂದರೆ ಲೋಹವನ್ನು ಕರಗಿಸಿ ಶೋಧಿಸುವ ಮೂಸೆ. 1953ರಲ್ಲಿ ಮೊದಲು ರಂಗಕ್ಕೆ ಬಂದ ಈ ನಾಟಕದ ವಸ್ತು 1692ರ ಸೇಲಂ ಊರಿನ ವಿಚಾರಣೆಗಳು. ಮಾಟಗಾರರೆಂಬ ಆರೋಪದ ಮೇಲೆ ಅಂದು 19 ಮಂದಿಯನ್ನು ನೇಣಿಗೇರಿಸಿದರು. ಒಬ್ಬ ವೃದ್ಧನು ಮೈಮೇಲೆ ಹೇರಿದ ಕಲ್ಲುಗಳ ಭಾರದಿಂದ ಸತ್ತನು. ಮಿಲ್ಲರ್ ಅವರ ನಾಟಕದಲ್ಲಿ ಈ ಅನರ್ಥಕ್ಕೆ ಮೂಲ ಯಾವುದು? ಕೆಲವು ಹುಡುಗಿಯರು ರಾತ್ರಿ ಕಾಡಿನಲ್ಲಿ ಕದ್ದು ಕುಣಿದರು. ಧರ್ಮಗುರುವಿನ ಕಣ್ಣಿಗೆ ಬಿದ್ದರು. ಕುಣಿದದ್ದಕ್ಕೆ ಘೋರ ದಂಡನೆಯುಂಟೆಂಬ ಭಯದಿಂದ ಅವರು ಸುಳ್ಳು ಹೇಳಿದರು, ನಿರಪರಾಧಿಗಳ ಹೆಸರೆತ್ತಿದರು. ಹಿರಿಯರು ಪರೀಕ್ಷಿಸದೆ ನಂಬಿದರು. ಕುಣಿತವು ಯಾರ ಪ್ರಾಣವನ್ನೂ ತೆಗೆಯಲಿಲ್ಲ, ಭಯವು ತೆಗೆಯಿತು. ಅಪವಾದಕ್ಕೆ ಅಂಜಿ ತೀರ್ಪು ಕೊಡಬಾರದೆಂದು ಬೋಧಿಸುವ ಕೃತಿಯನ್ನು ಅಪವಾದಕ್ಕೆ ಅಂಜಿಯೇ ನಿಲ್ಲಿಸಿದುದು ಫುಲ್ಟನ್ನಿನ ದುರಂತ. ಅದರ ಸ್ಥಾನದಲ್ಲಿ ಬಂದುದು ಷೇಕ್ಸ್‌ಪಿಯರನ 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್'. ತಂದೆಯ ಮಾತು ಮೀರಿ ಪ್ರಿಯನೊಡನೆ ಓಡಿಹೋಗುವ ಕನ್ಯೆಯೂ, ಕಣ್ಣಿಗೆ ಹಿಂಡಿದರೆ ಮೋಹ ಹುಟ್ಟಿಸುವ ರಸವೂ ಆ ನಾಟಕದಲ್ಲಿವೆ. ಹಳೆಯದೆಂಬ ಕಾರಣಕ್ಕೆ ಅದು ನಿರಪಾಯವೆನಿಸಿತೇ? ಹಾಗಾದರೆ ಅಲ್ಲಿ ತೂಗಿ ನೋಡಿದ್ದು ನೀತಿಯನ್ನಲ್ಲ, ಗದ್ದಲದ ಸಂಭವವನ್ನು.

ಇನ್ನು ನೃತ್ಯಕೂಟದ ಮಾತು. ಕುಣಿಯುವುದು ದೋಷವೆಂದು ಯಾರೂ ಹೇಳಬೇಕಾಗಿಲ್ಲ. ಕೂಡಿ ನಲಿಯುವುದು ಯೌವನದ ಸಹಜಧರ್ಮ. ಆದರೆ ಆ ಉತ್ಸವದಲ್ಲಿ ಅನೇಕ ಶಾಲೆಗಳು ಮತ ಹಾಕಿಸಿ ಒಬ್ಬ 'ರಾಜ'ನನ್ನೂ ಒಬ್ಬ 'ರಾಣಿ'ಯನ್ನೂ ಆರಿಸಿ ಕಿರೀಟ ತೊಡಿಸುತ್ತವೆ. ಒಂದು ಸಂಜೆಗಾಗಿ ಹೊಸ ಉಡುಪು, ಹೂಗುಚ್ಛ, ಹೊರಗಿನ ಭೋಜನ ಎಂದು ಖರ್ಚು ಬೆಳೆಯುತ್ತದೆ. ಇಲ್ಲದವನು ಒಂದೋ ಸಾಲದಿಂದ ಸರಿದೂಗಿಸಬೇಕು, ಇಲ್ಲವೇ ನೆಪ ಹೇಳಿ ಮನೆಯಲ್ಲುಳಿಯಬೇಕು. ಅಹಂಕಾರ, ಆಡಂಬರ, ಮಾತ್ಸರ್ಯಗಳು ಇಲ್ಲಿ ಅಭಿನಯವಲ್ಲ, ಅನುಭವ. ನಾಟಕದಲ್ಲಿ ಹುಡುಗನೊಬ್ಬ ಸಿಗರೇಟಿನ ನಟನೆ ಮಾಡಿದರೆ ಪತ್ರ ಬರೆಯುವ ಕೈಗಳು, ಅದೇ ಹುಡುಗನ ಸಹಪಾಠಿಗಳನ್ನು ರೂಪದಿಂದಲೂ ಹಣದಿಂದಲೂ ಅಳೆಯುವಾಗ ಚಪ್ಪಾಳೆ ತಟ್ಟುತ್ತವೆ. ದೋಷವನ್ನು ತೋರಿಸುವುದು ಅಪರಾಧ, ದೋಷವನ್ನು ಆಚರಿಸುವುದು ಸಂಪ್ರದಾಯ! ಇದೆಂಥ ವಿವೇಕ?

ವಯಸ್ಸಿಗೆ ತಕ್ಕದ್ದು ಯಾವುದು, ತಗದದ್ದು ಯಾವುದು ಎಂಬ ವಿಚಾರ ಬೇಡವೇ ಎಂದು ಕೆಲವರು ಕೇಳಬಹುದು. ಅವಶ್ಯ ಬೇಕು. ಶಾಲೆಯ ರಂಗವು ವ್ಯಾಪಾರೀ ರಂಗವಲ್ಲ, ಅದಕ್ಕೆ ಮೇರೆಯಿರಲೇಬೇಕು. ಆದರೆ ಆ ಮೇರೆಯನ್ನು ಗುರುತಿಸಬೇಕಾದುದು ಕೃತಿಯನ್ನು ಓದಿ, ತಾಲೀಮನ್ನು ನೋಡಿ, ಶಿಕ್ಷಕರೊಡನೆ ಕುಳಿತು ಮಾತಾಡಿ. ಪತ್ರಗಳನ್ನು ಎಣಿಸಿ ಅಲ್ಲ. ಕೆಟ್ಟವನ ಪಾತ್ರ ಮಾಡಿದ ಬಾಲಕನು ಕೆಡುಕನ್ನು ಒಳಗಿನಿಂದ ಅರಿಯುತ್ತಾನೆ. ಅನ್ಯಾಯಕ್ಕೊಳಗಾದವಳ ಪಾತ್ರ ಮಾಡಿದ ಬಾಲಕಿಯು ಪರರ ನೋವನ್ನು ತನ್ನದಾಗಿಸಿಕೊಳ್ಳುತ್ತಾಳೆ. ಮಾತಿಗೆ ಅಂಜುವ ಹುಡುಗನು ಕೂಡ ದೀಪ ಹಿಡಿದೋ ಪರದೆ ಎಳೆದೋ ಒಂದು ದೊಡ್ಡ ಕಾರ್ಯದಲ್ಲಿ ಪಾಲುಗೊಳ್ಳುತ್ತಾನೆ. ಅಲ್ಲಿ ಕಿರೀಟವು ಒಬ್ಬರ ಸ್ವತ್ತಲ್ಲ. ಆಟ ಮುಗಿದೊಡನೆ ಅದು ಪೆಟ್ಟಿಗೆ ಸೇರುತ್ತದೆ.

ಶಾಲೆಗಳನ್ನು ನಡೆಸುವ ವಿಶ್ವಸ್ತ ಮಂಡಳಿಗಳು ಎಲ್ಲಿದ್ದರೂ ಅವುಗಳ ಮೇಜಿನ ಮೇಲೆ ಒಂದಲ್ಲ ಒಂದು ದಿನ ಇಂಥ ಪತ್ರ ಬಂದೇ ಬರುತ್ತದೆ. ಆಗ ಮಂಡಳಿಯು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ನಿರ್ಣಯದಿಂದ ರಕ್ಷಣೆಯಾಗುವುದು ಮಗುವಿಗೋ, ಮಂಡಳಿಗೋ? ಮಂಡಳಿಗೆ ಎಂಬುದು ಉತ್ತರವಾದರೆ ಆ ನಿರ್ಣಯವನ್ನು ನೀತಿಯೆಂದು ಕರೆಯದಿರಲಿ. ಹಿರಿಯರು ಏಕೆ ಅಂಜಿದರೆಂಬುದನ್ನು ಮಕ್ಕಳು ಮರೆಯಬಹುದು, ಅಂಜಿದರೆಂಬುದನ್ನು ಮರೆಯಲಾರರು.