ಸೈಬರ್ ಭದ್ರತಾ ಪ್ರಮಾಣಪತ್ರ: ಪಡೆಯುವ ಹಾಗೂ ಊರ್ಜಿತದಲ್ಲಿಡುವ ಬಗೆ

ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಯ ಹರಾಜು ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ಗಣಕೀಕೃತವಾಗಿ ನಡೆಯುತ್ತಿದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಬೆಳೆಗಾರರ ವರ್ಷದ ದುಡಿಮೆಗೆ ಬೆಲೆ ನಿರ್ಧಾರವಾಗುವುದು ವರ್ತಕರು ಗಣಕಯಂತ್ರದಲ್ಲಿ ನಮೂದಿಸುವ ದರದಿಂದ. ಇಂತಹ ವ್ಯವಸ್ಥೆಯ ಭದ್ರತೆ ಸಡಿಲವಾದರೆ ಏನಾಗಬಹುದೆಂಬುದಕ್ಕೆ ರಾಜ್ಯದಲ್ಲಿಯೇ ನಿದರ್ಶನವಿದೆ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ಅಕ್ರಮವಾಗಿ ಪ್ರವೇಶಿಸಿ, ಟೆಂಡರುದಾರರ ಇ.ಎಂ.ಡಿ. ಠೇವಣಿಯಲ್ಲಿ 11 ಕೋಟಿ ರೂ.ಗಳಿಗೂ ಅಧಿಕ ಮೊತ್ತವನ್ನು ಸಂಬಂಧವಿಲ್ಲದ ಖಾತೆಗಳಿಗೆ ವರ್ಗಾಯಿಸಲಾಗಿತ್ತು. ಸದರಿ ಪ್ರಕರಣದ ತನಿಖೆಯನ್ನು ಸಿ.ಐ.ಡಿ. ಕೈಗೊಂಡಿತು.

ನಗರ ಸಹಕಾರಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು 2018ರ ಅಕ್ಟೋಬರ್‌ನಲ್ಲಿಯೇ ಮೂಲಭೂತ ಸೈಬರ್ ಭದ್ರತಾ ಚೌಕಟ್ಟನ್ನು ವಿಧಿಸಿದೆ. ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ನಿರ್ದೇಶನ ನೀಡಿದೆ. ಈ ಹೊಣೆಗಳನ್ನು ನಿರ್ವಹಿಸಬಲ್ಲ ಸಿಬ್ಬಂದಿ ಅಗತ್ಯವಾಗಿರುವುದರಿಂದ ಪ್ರಮಾಣಪತ್ರಗಳತ್ತ ಯುವಜನರ ಆಸಕ್ತಿ ಸಹಜ.

ಆದರೆ ಈ ಪ್ರಮಾಣಪತ್ರಗಳು ವಿಶ್ವವಿದ್ಯಾಲಯದ ಪದವಿಯಂತೆ ಒಮ್ಮೆ ಪಡೆದು ಜೀವನಪರ್ಯಂತ ಇಟ್ಟುಕೊಳ್ಳುವಂತಹವಲ್ಲ. ಹೆಸರಾಂತ ಸಿ.ಐ.ಎಸ್.ಎಸ್.ಪಿ. ಪ್ರಮಾಣಪತ್ರವನ್ನೇ ಪರಿಶೀಲಿಸಬಹುದು. ಪರೀಕ್ಷೆಯಲ್ಲಿ ಉತ್ತೀರ್ಣರಾದ ಮಾತ್ರಕ್ಕೆ ಇದು ದೊರೆಯುವುದಿಲ್ಲ. ನಿಗದಿತ 8 ವಿಷಯ ವಿಭಾಗಗಳ ಪೈಕಿ ಕನಿಷ್ಠ ಎರಡರಲ್ಲಿ ಒಟ್ಟು 5 ವರ್ಷಗಳ ವೃತ್ತಿ ಅನುಭವವಿರಬೇಕು. ಸೂಕ್ತ ಪದವಿಯಿದ್ದಲ್ಲಿ ಒಂದು ವರ್ಷದ ವಿನಾಯಿತಿ ಉಂಟು. ಅನುಭವವಿಲ್ಲದೆ ಉತ್ತೀರ್ಣರಾದವರನ್ನು ‘ಅಸೋಸಿಯೇಟ್’ ಎಂದು ಪರಿಗಣಿಸಿ, ಅನುಭವ ಗಳಿಸಲು 6 ವರ್ಷಗಳ ಕಾಲಾವಕಾಶ ನೀಡಲಾಗುತ್ತದೆ. ಇಷ್ಟನ್ನು ಹಲವು ತರಬೇತಿ ಜಾಹೀರಾತುಗಳು ಸಣ್ಣ ಅಕ್ಷರದಲ್ಲಿಯೂ ತಿಳಿಸುವುದಿಲ್ಲ.

ಪ್ರಮಾಣಪತ್ರವನ್ನು ಊರ್ಜಿತದಲ್ಲಿಡಲು ಪ್ರತಿ 3 ವರ್ಷಗಳಲ್ಲಿ 120 ಮುಂದುವರಿಕೆ ಶಿಕ್ಷಣದ ಅಂಕಗಳನ್ನು ಗಳಿಸತಕ್ಕದ್ದು. ಸಾಮಾನ್ಯವಾಗಿ ಒಂದು ಗಂಟೆಯ ಕಲಿಕೆಗೆ ಒಂದು ಅಂಕ. ಅಂತರ್ಜಾಲದ ಮೂಲಕ ನಡೆಯುವ ಉಪನ್ಯಾಸಗಳೂ ಇದಕ್ಕೆ ಸಲ್ಲುವುದರಿಂದ ತಿಪಟೂರಿನಲ್ಲಿದ್ದುಕೊಂಡೇ ಬಹುಪಾಲು ಅಂಕ ಗಳಿಸುವುದು ಸಾಧ್ಯ. ಹಾಜರಾತಿಯ ದಾಖಲೆಗಳನ್ನು ಮಾತ್ರ ಕಾಯ್ದಿರಿಸಿಕೊಳ್ಳಬೇಕು, ಏಕೆಂದರೆ ಆಯ್ದ ಸದಸ್ಯರ ದಾಖಲೆಗಳ ಪರಿಶೋಧನೆ ನಡೆಯುತ್ತದೆ. ಹೆಚ್ಚಿನ ಹೊರೆ ಶುಲ್ಕದ್ದು. ವಾರ್ಷಿಕ ನಿರ್ವಹಣಾ ಶುಲ್ಕ 135 ಡಾಲರ್, ಅಂದರೆ 3 ವರ್ಷಗಳಿಗೆ 30,000 ರೂ.ಗಳಿಗೂ ಮೀರುತ್ತದೆ. ಪರೀಕ್ಷಾ ಶುಲ್ಕ ಇದರಿಂದ ಹೊರತು. ಶುಲ್ಕ ಅಥವಾ ಅಂಕ ಬಾಕಿಯಾದಲ್ಲಿ ಪ್ರಮಾಣಪತ್ರ ಅಮಾನತಾಗುತ್ತದೆ. ಲೋಪ ಮುಂದುವರಿದಲ್ಲಿ ಮರಳಿ ಪರೀಕ್ಷೆ ಬರೆಯುವ ಪ್ರಮೇಯವೂ ಬರುತ್ತದೆ. ಕೊಬ್ಬರಿ ಮಾರಾಟದ ಹಣದಿಂದ ಮಕ್ಕಳ ತರಬೇತಿ ವೆಚ್ಚ ಭರಿಸುವ ಕುಟುಂಬಗಳು ಪರೀಕ್ಷಾ ಶುಲ್ಕದೊಡನೆ ಈ ಮರುಕಳಿಸುವ ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸೂಕ್ತ.

ಆಗತಾನೆ ಪದವಿ ಮುಗಿಸಿದವರು ಸೆಕ್ಯೂರಿಟಿ ಪ್ಲಸ್‌ನಂತಹ ಆರಂಭಿಕ ಹಂತದ ಪರೀಕ್ಷೆಯಿಂದ ತೊಡಗುವುದೇ ಲೇಸು. ಇದಕ್ಕೆ ವೃತ್ತಿ ಅನುಭವ ಕಡ್ಡಾಯವಲ್ಲ. 3 ವರ್ಷಗಳಲ್ಲಿ 50 ಅಂಕ ಗಳಿಸಿದರೆ ನವೀಕರಣ ಸಾಧ್ಯ. ನವೀಕರಣದ ತೊಡಕು ಬೇಡವೆನ್ನುವವರಿಗೆ ಸಿ-ಡ್ಯಾಕ್ ಸಂಸ್ಥೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ. ಉತ್ತೀರ್ಣತೆಯ ಖಾತರಿ ನೀಡುವ, ಪ್ರಶ್ನೆಗಳನ್ನು ಮುಂಚಿತವಾಗಿ ಒದಗಿಸುವ ಮಧ್ಯವರ್ತಿಗಳಿಗೆ ಹಣ ಪಾವತಿಸಬಾರದು; ಅಂತಹ ಅಕ್ರಮ ರುಜುವಾತಾದಲ್ಲಿ ಪ್ರಮಾಣಪತ್ರ ರದ್ದಾಗುತ್ತದೆ.

ನೋಂದಣಿಯಲ್ಲಿ ನಮೂದಿಸಿದ ಹೆಸರು ಗುರುತಿನ ಚೀಟಿಯಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದಬೇಕು. ಈ ಭಾಗದಲ್ಲಿ ಒಂದು ದಾಖಲೆಯಲ್ಲಿ ಇನಿಷಿಯಲ್, ಮತ್ತೊಂದರಲ್ಲಿ ತಂದೆಯ ಪೂರ್ಣ ಹೆಸರು ಇರುವುದು ಸಾಮಾನ್ಯವಾದುದರಿಂದ, ಅರ್ಜಿದಾರರು ಶುಲ್ಕ ಪಾವತಿಸುವ ಮೊದಲೇ ದಾಖಲೆಗಳನ್ನು ಸರಿಪಡಿಸಿಕೊಳ್ಳತಕ್ಕದ್ದು.