ಬಳ್ಳಾರಿಯಿಂದ ಹೊರಟ ದಾರಿ: ಮಾನಸಿಕ ಆರೋಗ್ಯ ನೀತಿ ಮತ್ತು ಜಿಲ್ಲೆಯ ವಾಸ್ತವ

ಭಾರತದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸಂಸತ್ತಿನ ಅಂಗೀಕಾರ ಪಡೆದದ್ದು 2017ರಲ್ಲಿ, ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ 31ನೆಯ ಪ್ರಕರಣದಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಒಂದು ಗಡುವು ಅಡಗಿದೆ. ಜನಸಂಖ್ಯೆಗೆ ತಕ್ಕಷ್ಟು ಮನೋವೈದ್ಯರು, ಚಿಕಿತ್ಸಾ ಮನೋವಿಜ್ಞಾನಿಗಳು, ದಾದಿಯರು ಮತ್ತು ಸಮಾಜ ಕಾರ್ಯಕರ್ತರು ಅಂತರರಾಷ್ಟ್ರೀಯ ಮಾನದಂಡದ ಪ್ರಮಾಣದಲ್ಲಿ ದೊರೆಯುವಂತೆ ಸರ್ಕಾರಗಳು ಹತ್ತು ವರ್ಷಗಳೊಳಗೆ ಪ್ರಯತ್ನಿಸಬೇಕು ಎನ್ನುತ್ತದೆ ಅದು. ಅಂದರೆ 2028ರ ಮೇ ತಿಂಗಳು. ಸಂಸತ್ತಿನ ಆರೋಗ್ಯ ಸ್ಥಾಯೀ ಸಮಿತಿ 2023ರಲ್ಲಿ ಮುಂದಿಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ ಲಕ್ಷ ಜನರಿಗೆ 0.75 ಮನೋವೈದ್ಯರಿದ್ದಾರೆ, ಇರಬೇಕಾದದ್ದು 3. ಇರುವವರಲ್ಲಿಯೂ ಹೆಚ್ಚಿನವರು ದೊಡ್ಡ ನಗರಗಳಲ್ಲಿದ್ದಾರೆ. ಈ ಗಡುವು ಈಡೇರುವುದಿಲ್ಲವೆಂದು ತಿಳಿಯಲು ಗಣಿತಜ್ಞರೇನೂ ಬೇಕಾಗಿಲ್ಲ.

ಆದರೆ ತಜ್ಞರ ಕೊರತೆಯೊಂದೇ ಕಾರಣವೆಂದು ಕೈಚೆಲ್ಲುವುದು ಸರಿಯಲ್ಲ. ತಜ್ಞರು ಸಾಲುವುದಿಲ್ಲ ಎಂಬ ಅರಿವಿನಿಂದಲೇ ಈ ದೇಶದ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು, ಮತ್ತು ಅದರ ತೊಟ್ಟಿಲು ಕರ್ನಾಟಕ. 1970ರ ದಶಕದಲ್ಲಿ ನಿಮ್ಹಾನ್ಸ್‌ನ ವೈದ್ಯರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ, ಚಂಡೀಗಢದ ವೈದ್ಯರು ಹರಿಯಾಣದ ರಾಯ್‌ಪುರ ರಾಣಿಯಲ್ಲಿ ಒಂದೇ ಪ್ರಶ್ನೆ ಕೇಳಿಕೊಂಡರು: ಸಾಮಾನ್ಯ ವೈದ್ಯ ಮತ್ತು ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯವೇ? ಸಾಧ್ಯವೆಂಬ ಉತ್ತರದ ಮೇಲೆ 1982ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡಿತು. ಇಡೀ ಜಿಲ್ಲೆಯೊಂದರಲ್ಲಿ ಅದನ್ನು ಪರೀಕ್ಷಿಸಲು 1985ರ ಸುಮಾರಿಗೆ ಆರಿಸಿಕೊಂಡದ್ದು ಬಳ್ಳಾರಿಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅಲ್ಪಾವಧಿಯ ತರಬೇತಿ, ಕೈಬೆರಳೆಣಿಕೆಯ ಔಷಧಗಳು, ಸರಳವಾದ ದಾಖಲೆ ಪುಸ್ತಕ, ನಿಯಮಿತ ಮೇಲ್ವಿಚಾರಣೆ. ಬಳ್ಳಾರಿ ಮಾದರಿ ಎಂದರೆ ಇಷ್ಟೇ. 1996ರಲ್ಲಿ ನಾಲ್ಕು ಜಿಲ್ಲೆಗಳಿಂದ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇಂದು ಕಾಗದದ ಮೇಲೆ 767 ಜಿಲ್ಲೆಗಳಿಗೆ ಮಂಜೂರಾಗಿದೆ.

ಈ ಮಾದರಿಯ ಶಕ್ತಿಯನ್ನೂ ದೌರ್ಬಲ್ಯವನ್ನೂ ನಾನು ಪುಸ್ತಕದಲ್ಲಿ ಓದುವ ಮೊದಲೇ ಕಂಡಿದ್ದೆ. 1990ರ ದಶಕದ ಆರಂಭದಲ್ಲಿ ಬಯಲುಸೀಮೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗ್ರಾಮೀಣ ತರಬೇತಿಗೆಂದು ಇದ್ದಾಗ, ಸ್ಕಿಜೋಫ್ರೇನಿಯಾದಿಂದ ಬಳಲುತ್ತಿದ್ದ ಕೂಲಿಕಾರ ಯುವಕನೊಬ್ಬನನ್ನು ಅವನ ತಾಯಿ ಕರೆತಂದಿದ್ದರು. ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿನಿಂದ ಮೂರು ತಿಂಗಳಲ್ಲಿ ಅವನು ಮತ್ತೆ ಹೊಲಕ್ಕೆ ಹೋಗತೊಡಗಿದ. ನಾಲ್ಕನೆಯ ತಿಂಗಳು ಔಷಧ ಬರಲಿಲ್ಲ. ಬೇಡಿಕೆ ಪತ್ರ ಯಾವ ಮೇಜಿನ ಮೇಲೆ ನಿಂತಿತೋ ನಮಗೆ ತಿಳಿಯಲಿಲ್ಲ. ಐದನೆಯ ತಿಂಗಳು ತಾಯಿ ಒಬ್ಬರೇ ಬಂದರು. ಮಗನನ್ನು ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟಿ ಬಂದಿರುವುದಾಗಿ ಹೇಳಿದರು. ಆ ಮನೆಯಲ್ಲಿ ಮೂಢನಂಬಿಕೆ ಇರಲಿಲ್ಲ, ಪ್ರೀತಿಯ ಕೊರತೆಯೂ ಇರಲಿಲ್ಲ. ಇಲ್ಲದೇ ಹೋದದ್ದು ಒಂದು ಸಣ್ಣ ಔಷಧದ ಸೀಸೆ ಮಾತ್ರ.

ಸರಪಳಿ ಎಂದೊಡನೆ ಹಳ್ಳಿಗರ ಅಜ್ಞಾನವನ್ನು ದೂರುವುದು ನಗರವಾಸಿಗಳ ಅಭ್ಯಾಸ. ಪರದೇಶದಲ್ಲಿರುವ ನಮಗಂತೂ ಅದು ಇನ್ನೂ ಸುಲಭ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿದ್ದ 28 ಮಂದಿ ಬೆಂಕಿಯಲ್ಲಿ ಸತ್ತರು. ಅವರನ್ನು ಅಲ್ಲಿಗೆ ಕರೆತಂದಿದ್ದ ಎಷ್ಟೋ ಕುಟುಂಬಗಳಿಗೆ ದರ್ಗಾದಷ್ಟು ಹತ್ತಿರದಲ್ಲಿ ಆಸ್ಪತ್ರೆ ಇರಲಿಲ್ಲ. 2017ರ ಕಾಯ್ದೆಯ 95ನೆಯ ಪ್ರಕರಣ ಯಾವ ರೂಪದಲ್ಲೇ ಆಗಲಿ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಆದರೆ ಔಷಧ ತಪ್ಪದೆ ತಲುಪಿಸುವ ವ್ಯವಸ್ಥೆ ಇಲ್ಲದಿದ್ದರೆ, ಈ ನಿಷೇಧ ಬಡ ತಾಯಿಯೊಬ್ಬಳನ್ನು ತಪ್ಪಿತಸ್ಥಳನ್ನಾಗಿ ಮಾಡುವುದಕ್ಕಿಂತ ಹೆಚ್ಚೇನನ್ನೂ ಸಾಧಿಸುವುದಿಲ್ಲ.

ಬಳ್ಳಾರಿಯಿಂದ ದೇಶಕ್ಕೆ ಹರಡುವಾಗ ಮಾದರಿಯ ಹೆಸರು ಉಳಿಯಿತು, ಮೇಲ್ವಿಚಾರಣೆ ಕಳಚಿತು. ತರಬೇತಿ ಪಡೆದ ವೈದ್ಯನಿಗೆ ವರ್ಗಾವಣೆಯಾಗುತ್ತದೆ. ಹೊಸಬನಿಗೆ ತರಬೇತಿಯ ಸರದಿ ಬರುವಷ್ಟರಲ್ಲಿ ಅವನೂ ಹೊರಟಿರುತ್ತಾನೆ. ಬೆಳಿಗ್ಗೆ ನೂರು ರೋಗಿಗಳನ್ನು ನೋಡುವವನು ಖಿನ್ನತೆಯ ಮಾತಿಗೆ ಎಷ್ಟು ನಿಮಿಷ ಕೊಟ್ಟಾನು? ನಿದ್ದೆ ಬರುವುದಿಲ್ಲ, ಮೈಕೈ ನೋವು ಎಂದು ಬಂದ ಹೆಂಗಸಿಗೆ ವಿಟಮಿನ್ ಮಾತ್ರೆ ಸಿಗುತ್ತದೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಮಾನಸಿಕ ಅಸ್ವಸ್ಥತೆ ಇತ್ತು. ಕಾಯಿಲೆಗೆ ಅನುಗುಣವಾಗಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ.

2014ರ ಅಕ್ಟೋಬರ್ 10ರಂದು ಪ್ರಕಟವಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ನೀತಿ ಒಳ್ಳೆಯ ದಾಖಲೆ. ಬಡತನ, ವಸತಿ, ಆರೈಕೆ ಮಾಡುವವರ ದಣಿವು ಎಲ್ಲವನ್ನೂ ಅದು ಕಂಡಿದೆ. ಆದರೆ ನೀತಿಯನ್ನು ಮುರಿದವರ ಮೇಲೆ ದಾವೆ ಹೂಡಲಾಗುವುದಿಲ್ಲ. ಹೂಡಬಹುದಾದ ಹಕ್ಕನ್ನು ಕೊಟ್ಟದ್ದು ಕಾಯ್ದೆ. ಅದರ 18ನೆಯ ಪ್ರಕರಣದ ಪ್ರಕಾರ ಜಿಲ್ಲೆಯಲ್ಲಿ ಸರ್ಕಾರಿ ಸೇವೆ ಇಲ್ಲದಿದ್ದರೆ, ಅದೇ ಜಿಲ್ಲೆಯ ಬೇರೆ ಸಂಸ್ಥೆಯಲ್ಲಿ ಪಡೆದ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಭರಿಸಬೇಕು. ಇದು ಪ್ರಾಮಾಣಿಕವಾಗಿ ಜಾರಿಯಾದರೆ ಆರ್ಥಿಕ ಇಲಾಖೆಗೇ ಮಾನಸಿಕ ಆರೋಗ್ಯದಲ್ಲಿ ಆಸಕ್ತಿ ಹುಟ್ಟೀತು. 21ನೆಯ ಪ್ರಕರಣ ವಿಮೆಯಲ್ಲಿ ದೈಹಿಕ ಕಾಯಿಲೆಗೆ ಸಮನಾದ ಸ್ಥಾನ ಕೊಟ್ಟಿದೆ. ಆದರೆ ವಿಮೆ ಸಾಮಾನ್ಯವಾಗಿ ಹಣ ಕೊಡುವುದು ಆಸ್ಪತ್ರೆಗೆ ದಾಖಲಾದವರಿಗೆ, ಮಾನಸಿಕ ಚಿಕಿತ್ಸೆ ಬಹುಪಾಲು ನಡೆಯುವುದು ಹೊರರೋಗಿ ವಿಭಾಗದಲ್ಲಿ.

ಕರ್ನಾಟಕ ಕೈಕಟ್ಟಿ ಕುಳಿತಿಲ್ಲ. ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ಕಳುಹಿಸುವ ‘ಮನೋಚೈತನ್ಯ’ ಯೋಜನೆ ನನ್ನ ದೃಷ್ಟಿಯಲ್ಲಿ ಯಾವ ಘೋಷಣೆಗಿಂತಲೂ ಮೇಲು, ಏಕೆಂದರೆ ರೋಗಿಗೆ ವಾರವೂ ಸ್ಥಳವೂ ಗೊತ್ತಿರುತ್ತದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯೂ (14416) ಕನ್ನಡದಲ್ಲಿ ಮಾತನಾಡುತ್ತದೆ. ಮಾತು ಮುಗಿದ ಮೇಲೆ ಹೋಗಬೇಕಾದ ಆಸ್ಪತ್ರೆಯಲ್ಲಿ ಔಷಧವಿದೆಯೇ ಎಂಬುದು ಮಾತ್ರ ದೂರವಾಣಿ ಪರಿಹರಿಸಲಾರದ ಪ್ರಶ್ನೆ.

ಹೊರನಾಡಿನಲ್ಲಿರುವ ನಮಗೆ ಈ ಕಾಯ್ದೆ ನೇರವಾಗಿ ತಟ್ಟುವ ಕಡೆ ಒಂದಿದೆ. 14ನೆಯ ಪ್ರಕರಣದಂತೆ ಯಾರು ಬೇಕಾದರೂ ತಮ್ಮ ಪರವಾಗಿ ನಾಮನಿರ್ದೇಶಿತ ಪ್ರತಿನಿಧಿಯೊಬ್ಬರನ್ನು ಬರಹದಲ್ಲಿ ಸೂಚಿಸಬಹುದು. ತೀವ್ರ ಸ್ಥಿತಿಯಲ್ಲಿ ರೋಗಿಗೆ ಸ್ವತಃ ನಿರ್ಧರಿಸಲಾಗದಿದ್ದರೆ 89ನೆಯ ಪ್ರಕರಣದ ದಾಖಲಾತಿಗೆ ಅರ್ಜಿ ಕೊಡಬೇಕಾದವರು ಇವರೇ. ಊರಿನ ತಂದೆ ತಾಯಂದಿರು ಸಹಜವಾಗಿ ಹೆಸರಿಸುವುದು ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಗ ಅಥವಾ ಮಗಳನ್ನು. ನಡುರಾತ್ರಿ ಮೈಸೂರಿನ ಆಸ್ಪತ್ರೆಯ ಬಾಗಿಲಲ್ಲಿ ಸಹಿ ಬೇಕಾದಾಗ ಆ ಮಗ ವಿಮಾನ ನಿಲ್ದಾಣದಲ್ಲಿರುತ್ತಾನೆ. ಮುಂದಿನ ಸಲ ಊರಿಗೆ ಹೋದಾಗ, ಆಸ್ತಿಪತ್ರಗಳ ಮಾತು ಮುಗಿದ ಮೇಲೆ, ಅಪ್ಪ ಅಮ್ಮನ ಜೊತೆ ಕುಳಿತು ಈ ಕಾಗದವನ್ನೂ ಬರೆಯಿಸಿ. ಅದೇ ಬೀದಿಯಲ್ಲಿರುವ, ಅವರು ನಂಬುವ ಚಿಕ್ಕಮ್ಮನ ಅಥವಾ ಸ್ನೇಹಿತರ ಹೆಸರನ್ನು, ಅವರ ಲಿಖಿತ ಒಪ್ಪಿಗೆಯೊಂದಿಗೆ. ಬಿಳಿ ಹಾಳೆಯ ಮೇಲೆ ಸಹಿ ಹಾಕಿದರೆ ಸಾಕು.