ಬೇಸಿಗೇಲಿ ಬಯಲುಸೀಮೆಗಾ? ಹೂಂ, ಹೋಗಿ ಬನ್ನಿ

ಏಪ್ರಿಲ್ ಬಂತು ಅಂದ್ರೆ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡೇ ವಿಷಯ: ಅಪ್ರೈಸಲ್ ಮತ್ತು ಟ್ರಿಪ್. ಟ್ರಿಪ್ ಅಂದ್ರೆ ಮಡಿಕೇರಿ, ಚಿಕ್ಕಮಗಳೂರು, ಊಟಿ. ಹೋಮ್‌ಸ್ಟೇಗೆ ದುಡ್ಡು ಸುರಿದು, ಘಾಟಿ ರಸ್ತೆಯಲ್ಲಿ ಕಾರಿನ ಬಾಲ ನೋಡ್ಕೊಂಡು ಕೂತು ವಾಪಸ್ ಬರೋದು. ಈ ಸಲ ನಾನೂ ನನ್ನ ಗಂಡನೂ ಹೋಗಿದ್ದು ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಕಡೆಗೆ. ತುಮಕೂರು ಜಿಲ್ಲೆಯ ನಾಲ್ಕು ಒಣ ತಾಲ್ಲೂಕು, ಮೂರು ದಿನ. "ಈ ಬಿಸಿಲಲ್ಲಿ ಅಲ್ಲೇನಿದೆ?" ಅಂತ ಟೀಮಿನವರೆಲ್ಲ ನಕ್ಕರು.

ಸುತ್ತೋದರ ಜೊತೆಗೆ ನಮಗೊಂದು ಕೆಲಸವೂ ಇತ್ತು. ಮಧುಗಿರಿ ತಾಲ್ಲೂಕಿನಲ್ಲಿ ನಮ್ಮತ್ತೆಯ ಪಾಲಿಗೆ ಬಂದ ಎರಡು ಎಕರೆ ಹೊಲ ಇದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಆದಮೇಲೆ ಏಜೆಂಟರ ಫೋನು ನಿಂತಿಲ್ಲ. ಮಾರಿದ್ರೆ ನಮ್ಮ ಫ್ಲಾಟಿನ ಸಾಲ ಅರ್ಧ ತೀರುತ್ತೆ. "ನೀವಿಬ್ರೇ ನೋಡ್ಕೊಂಡ್ ಬಂದು ಹೇಳಿ" ಅಂದಿದ್ರು ಅತ್ತೆ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಹೊರಟು ದಾಬಸ್‌ಪೇಟೆ ಮೇಲೆ ಕೊರಟಗೆರೆ ಕಡೆಗೆ. ಗೊರವನಹಳ್ಳಿ ಮಹಾಲಕ್ಷ್ಮಿಗೆ ಶುಕ್ರವಾರ ಅಂದ್ರೆ ಜನಜಾತ್ರೆ, ಬೇಗ ಕೈಮುಗಿದು ಹೊರಬಂದ್ವಿ. ಹತ್ತಿರದಲ್ಲೇ ತೀತಾ ಜಲಾಶಯ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಗೆ ಕಟ್ಟಿದ್ದು. ಮುಂದೆ ರಸ್ತೆಯಲ್ಲಿ ಆ ಹೊಳೆ ಸಿಕ್ಕಾಗ ಬರೀ ಮರಳು. ನಾನು ಹೊಸನಗರದ ಕಡೆಯವಳು. ಹೊಳೆ ಅಂದ್ರೆ ನೀರಿರಲೇಬೇಕು ಅಂತ ಬೆಳೆದವಳು. ಈ ಸೀಮೆಯಲ್ಲಿ ನೀರಿಲ್ಲದಾಗಲೂ ಅದನ್ನ ಹೊಳೆ ಅಂತಲೇ ಕರೀತಾರೆ, ಗೌರವ ಕಡಿಮೆ ಮಾಡಲ್ಲ. ಅದೇ ದಿನ ಸಿದ್ಧರಬೆಟ್ಟ ಹತ್ತಿದ್ವಿ. ಔಷಧಿ ಗಿಡಮೂಲಿಕೆಗೆ ಹೆಸರಾದ ಬೆಟ್ಟ. ಮೇಲೆ ಬಂಡೆಗಳ ನಡುವಿನ ಗುಹೆಯಲ್ಲಿ ಸಿದ್ದೇಶ್ವರ. ಹೊರಗೆ ಕಾದ ಹಂಚಿನಂಥ ಬಿಸಿಲು, ಒಳಗೆ ತಣ್ಣಗೆ.

ಮಧುಗಿರಿಯಲ್ಲಿ ಉಳಿದು ಶನಿವಾರ ಐದೂವರೆಗೇ ಬೆಟ್ಟದ ಬುಡದಲ್ಲಿದ್ವಿ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಇದೂ ಒಂದು. ಸಮುದ್ರಮಟ್ಟದಿಂದ ಸುಮಾರು 3,900 ಅಡಿ. ಮೊದಲು ಬಾಗಿಲುಗಳು, ಕೋಟೆ ಗೋಡೆ, ಮೆಟ್ಟಿಲು. ಆಮೇಲೆ ಮೆಟ್ಟಿಲು ಮುಗಿದು, ಬಂಡೆಯಲ್ಲೇ ಕೊರೆದ ಪಾದದಷ್ಟಗಲದ ಗುಳಿಗಳು. ಹಿಡಿಯೋಕೆ ಅಲ್ಲಲ್ಲಿ ಕಬ್ಬಿಣದ ಕಂಬಿ. ಜಿಮ್ಮಿಗೆ ಹೋಗುವ ಇವರಿಗೇ ಏದುಸಿರು. ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣ ಗುಡಿ, ಕೆಳಗೆ ಬೆಂಕಿಪೊಟ್ಟಣದಂಥ ಮಧುಗಿರಿ ಪೇಟೆ.

ಅಲ್ಲಿ ಕೂತಾಗ ನನಗೆ ನೆನಪಾಗಿದ್ದು ನಮ್ಮೂರ ಕಡೆಯ ರಾಣಿ. 1763ರಲ್ಲಿ ಹೈದರಾಲಿ ಬಿದನೂರು, ಅಂದ್ರೆ ಇಂದಿನ ನಗರ, ಗೆದ್ದಮೇಲೆ ಕೆಳದಿಯ ರಾಣಿ ವೀರಮ್ಮಾಜಿಯನ್ನ ತಂದು ಸೆರೆಯಲ್ಲಿಟ್ಟಿದ್ದು ಇದೇ ಮಧುಗಿರಿ ಕೋಟೆಯಲ್ಲಿ. 1767ರಲ್ಲಿ ಮರಾಠರು ಕೋಟೆ ಹಿಡಿದಾಗಲೇ ಬಿಡುಗಡೆ. ತಿಂಗಳುಗಟ್ಟಲೆ ಮಳೆ ಸುರಿಯುವ ಊರಿನಿಂದ ಬಂದವಳು ಈ ಕಾದ ಬಂಡೆಯ ಮೇಲೆ ನಾಲ್ಕು ಬೇಸಿಗೆ ಹೇಗೆ ಕಳೆದಳೋ! ನಾವು ಎಂಟೂವರೆಗೇ "ಸಾಕಪ್ಪಾ" ಅಂತ ಇಳಿದ್ವಿ. ಇಳಿದಮೇಲೆ ಪೇಟೆಯಲ್ಲಿ ಅಕ್ಕಪಕ್ಕವೇ ಇರುವ ವೆಂಕಟರಮಣ ಮತ್ತು ಮಲ್ಲೇಶ್ವರ ದೇವಸ್ಥಾನ ನೋಡಿ. ಹರಿಹರರು ಒಂದೇ ಬೀದಿಯ ನೆಂಟರು.

ಮಧ್ಯಾಹ್ನ ದೊಡ್ಡಮ್ಮನ ಮನೆ, ಅಂದ್ರೆ ನಮ್ಮತ್ತೆಯ ಅಕ್ಕನ ಮನೆ. ಮುದ್ದೆ, ಹುರುಳಿಕಾಳು ಸಾರು, ಮಜ್ಜಿಗೆ. ಊಟ ಆದ್ಮೇಲೆ ಹೊಲ ತೋರಿಸೋಕೆ ಕರ್ಕೊಂಡ್ ಹೋದ್ರು. ಎರಡು ಎಕರೆ ಕೆಂಪು ಮಣ್ಣು, ಬದುವಿನಲ್ಲಿ ಮೂರು ಹುಣಸೆ, ಒಂದು ಹೊಂಗೆ. ಮಳೆ ಬಂದ ವರ್ಷ ರಾಗಿ ಅಥವಾ ಕಡಲೆಕಾಯಿ. ಬರದ ವರ್ಷ ಹುಣಸೆಹಣ್ಣು ಮಾರಿ ಬಂದಿದ್ದೇ ಆದಾಯ. ಹೊಲ ನೋಡ್ಕೊಳ್ಳೋದು ದೊಡ್ಡಮ್ಮನೇ, ಅವರ ಎರಡು ಹಸುಗೆ ಮೇವೂ ಅಲ್ಲಿಂದಲೇ. ಮಾರೋ ಮಾತು ಇವರು ಮೆಲ್ಲಗೆ ಎತ್ತಿದ್ರು. ದೊಡ್ಡಮ್ಮ ಬೈಲಿಲ್ಲ. "ನಿಮ್ಮವ್ವಂದು ಕಣಪ್ಪ ಹೊಲ, ನಾನೇನ್ ಬ್ಯಾಡ ಅನ್ನಲ್ಲ. ಮಾರಿದ್ಮ್ಯಾಕೆ ಈ ಊರಿಗೆ ಯಾಕ್ ಬರ್ತೀಯ ನೀನು?" ಅಂದ್ರು ಅಷ್ಟೇ. ಇವರ ಹತ್ರ ಉತ್ತರ ಇರಲಿಲ್ಲ, ನನ್ನ ಹತ್ರಾನೂ.

ಸಂಜೆ ಮೈದನಹಳ್ಳಿಗೆ. ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ, 2007ರಲ್ಲಿ ಘೋಷಣೆಯಾದ 798 ಎಕರೆ ಹುಲ್ಲುಗಾವಲು. ಬಿಸಿಲಿಳಿದಮೇಲೆ ತಿರುಚಿದ ಕೊಂಬಿನ ಕಪ್ಪು ಗಂಡುಗಳು, ಕಂದು ಬಣ್ಣದ ಹೆಣ್ಣುಗಳು ಹಿಂಡು ಹಿಂಡಾಗಿ ಬಯಲಿಗೆ ಬಂದವು. ಒಂದು ಹಾರಿದ್ರೆ ಹಿಂದಿನವೆಲ್ಲ ಸ್ಪ್ರಿಂಗ್ ಹಾಕಿದಂಗೆ ಹಾರ್ತವೆ. ಖಾಲಿ ಜಾಗ, ಪಾಳು ಭೂಮಿ ಅಂತ ನಾವು ಕರೆಯೋದು ಇವುಗಳ ಮನೆ.

ಭಾನುವಾರ ಪಾವಗಡ. ಮೂರು ಕಡೆ ಆಂಧ್ರ ಸುತ್ತಿಕೊಂಡ ತಾಲ್ಲೂಕು. ಟೀ ಅಂಗಡಿಯಲ್ಲಿ ಒಂದೇ ವಾಕ್ಯದಲ್ಲಿ ಕನ್ನಡ, ತೆಲುಗು ಎರಡೂ. ಶನಿಮಹಾತ್ಮನ ದರ್ಶನ ಮುಗಿಸಿ ತಿರುಮಣಿ ಕಡೆ ಹೋದ್ರೆ ರಸ್ತೆಯ ಎರಡೂ ಬದಿ ಕಣ್ಣು ಮುಟ್ಟುವವರೆಗೂ ನೀಲಿ ಸೋಲಾರ್ ಫಲಕ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. 2018ರ ಮಾರ್ಚ್‌ನಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ ಸಾಮರ್ಥ್ಯ. ನನಗೆ ಇಷ್ಟವಾಗಿದ್ದು ಅದರ ಲೆಕ್ಕಾಚಾರ. ರೈತರಿಂದ ಜಮೀನು ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಪಹಣಿ ರೈತನ ಹೆಸರಲ್ಲೇ. ಮಳೆ ಕೈಕೊಟ್ಟರೂ ಬಿಸಿಲು ಕೈಕೊಡಲ್ಲ ಅನ್ನೋದನ್ನ ಈ ನೆಲ ಆದಾಯ ಮಾಡ್ಕೊಂಡಿದೆ.

ಹಾಗಂತ ಎಲ್ಲರಿಗೂ ಸಿಹಿಯಲ್ಲ. ಕುರಿ ಕಾಯ್ತಾ ನಿಂತಿದ್ದ ಅಜ್ಜ ಒಬ್ಬರು ಹೇಳಿದ್ರು: "ಜಮೀನಿದ್ದೋರಿಗೆ ಬಾಡಿಗೆ ಬರ್ತದಮ್ಮ. ಕೂಲಿ ಮಾಡೋರಿಗೆ ಕೂಲಿನೂ ಹೋಯ್ತು, ಕುರಿ ಮೇಯ್ಸೋ ಜಾಗಾನೂ ಹೋಯ್ತು." ನನ್ನ ಲ್ಯಾಪ್‌ಟಾಪ್ ಓಡುವ ಕರೆಂಟಿನಲ್ಲಿ ಈ ಬಿಸಿಲಿನದೂ ಪಾಲಿರಬಹುದು. ಅವರ ಮಾತು ಆ ಬಿಲ್ಲಿನಲ್ಲಿ ಕಾಣಲ್ಲ.

ಕೊನೆಗೆ ಶಿರಾ. ಹೈವೇಲಿ ಟೀ ಕುಡಿಯೋಕಷ್ಟೇ ನಿಲ್ಲುವ ಈ ಊರು 1687ರಿಂದ 1757ರವರೆಗೆ ಮೊಘಲರ ಸುಬಾದ ರಾಜಧಾನಿ. ಇಲ್ಲಿನ ಮೊದಲ ಅಧಿಕಾರಿ ಖಾಸಿಂ ಖಾನ್, 1687ರಲ್ಲಿ ಬೆಂಗಳೂರನ್ನ ಹಿಡಿದು, ಅದನ್ನ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟಿದ್ದು 3 ಲಕ್ಷ ರೂಪಾಯಿಗೆ. ಇಡೀ ಬೆಂಗಳೂರು! ಇವತ್ತು ಆ ದುಡ್ಡಿಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾರ್ ಪಾರ್ಕಿಂಗ್ ಜಾಗ ಸಿಗೋದೂ ಕಷ್ಟ. ಹೈದರಾಲಿ ಲಾಲ್‌ಬಾಗ್ ಮಾಡಿಸೋಕೆ ಮಾದರಿಯಾಗಿದ್ದೂ ಶಿರಾದ ಮೊಘಲ್ ತೋಟವೇ. ಮಲಿಕ್ ರಿಹಾನ್ ದರ್ಗಾ, 1696ರ ಜಾಮಿಯಾ ಮಸೀದಿ ನೋಡಿ ಸಂಜೆ ಕಗ್ಗಲಡುಗೆ ಹೋದ್ವಿ. ಊರೊಳಗಿನ ಹುಣಸೆ ಮರಗಳ ತುಂಬ ಬಣ್ಣದ ಕೊಕ್ಕರೆ, ಬೂದು ಬಕ. ಮರಿಗಳ ಗಲಾಟೆ. ಗೂಡಿಗೆ ಕಾವಲು ಊರಿನ ಜನವೇ.

ವಾಪಸ್ ಬರ್ತಾ ಕಾರಿನಲ್ಲಿ ಲೆಕ್ಕ ಹಾಕಿದ್ವಿ. ಹೊಲ ಮಾರಿದ್ರೆ ಸಾಲ ಏಳು ವರ್ಷ ಬೇಗ ಮುಗಿಯುತ್ತೆ. ಆದ್ರೆ ದೊಡ್ಡಮ್ಮನ ಹಸು, ಹುಣಸೆ, ಆ ಪ್ರಶ್ನೆ ಯಾವ ಎಕ್ಸೆಲ್ ಶೀಟಿಗೂ ಕೂರಲಿಲ್ಲ. ಅತ್ತೆಗೆ ಫೋನ್ ಮಾಡಿ "ಸದ್ಯಕ್ಕೆ ಬೇಡ" ಅಂದ್ವಿ. ಇಎಂಐ ಇನ್ನೂ ಹದಿನೈದು ವರ್ಷ ಇದೆ, ಅದು ನಿಜ. ಈ ಮಳೆಗಾಲಕ್ಕೆ ಬದುವಿಗೆ ಇನ್ನೂ ಹತ್ತು ಹುಣಸೆ ಸಸಿ ಹಾಕಿಸೋದು ಅಂತಾಗಿದೆ.

ನೀವು ಹೋಗೋದಾದ್ರೆ: ಮಧುಗಿರಿ ಬೆಟ್ಟ ಬೆಳಗ್ಗೆ ಒಂಬತ್ತರೊಳಗೆ ಹತ್ತಿ ಇಳಿದುಬಿಡಿ, ಒಳ್ಳೆ ಹಿಡಿತದ ಶೂ, ತಲೆಗೆ ಟೋಪಿ, ಒಬ್ಬರಿಗೆ ಎರಡು ಲೀಟರ್ ನೀರು ಬೇಕೇ ಬೇಕು. ಹನ್ನೊಂದರಿಂದ ನಾಲ್ಕರವರೆಗೆ ನೆರಳಲ್ಲಿರಿ. ಕೃಷ್ಣಮೃಗದ ಹಿಂದೆ ಗಾಡಿ ಓಡಿಸಬೇಡಿ, ಕಗ್ಗಲಡುವಿನಲ್ಲಿ ಹಾರನ್ ಬೇಡ, ಡ್ರೋನ್ ಅಂತೂ ಬೇಡವೇ ಬೇಡ. ಆ ಕಡೆ ನಿಮ್ಮದೂ ಒಂದು ಹೊಲ ಇದ್ರೆ, ಏಜೆಂಟನ ಫೋನ್ ಎತ್ತೋ ಮೊದಲು ಒಂದು ಸಲ ನಡೆದು ನೋಡ್ಕೊಂಡು ಬನ್ನಿ.